ಓದುಗರ ಪ್ರಶ್ನೆ: ಕಾರ್ಯಾಗಾರದ ಮದುಮಗಳು, ಮದುವೆಮನೆಯ ಮದುಮಗಳು

ಮದುವೆ ಛಾಯಾಗ್ರಹಣವನ್ನು ಕುರಿತು ಬಂದ ಪತ್ರಗಳಲ್ಲಿ ಐದನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ. ಮೊದಲ ಪತ್ರದ ಪ್ರಶ್ನೆ ಈಗ ಕರಾವಳಿಯಲ್ಲಿ ಕ್ಯಾಮೆರಾ ಹಿಡಿದಿರುವ ಬಹಳಷ್ಟು ಎಳೆಯರ ಪ್ರಶ್ನೆಯೂ ಆಗಿರುವುದರಿಂದ ಅದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ಮಾನ್ಯರೇ, ನಾನು ನಮ್ಮ ಭಾವನವರ ಸ್ಟುಡಿಯೋದಲ್ಲಿ ಎರಡನೆಯ ಕ್ಯಾಮೆರಾ ಹಿಡಿಯುತ್ತೇನೆ. ಮಂಗಳೂರಿನಲ್ಲಿಯೂ ಬೆಂಗಳೂರಿನಲ್ಲಿಯೂ ನಡೆದ ಬ್ರೈಡಲ್ ಪೋರ್ಟ್ರೇಟ್ ಕಾರ್ಯಾಗಾರಗಳಿಗೆ ಹೋಗಿ ಬಂದಿದ್ದೇನೆ. ಅಲ್ಲಿ ತೆಗೆದ ಚಿತ್ರಗಳನ್ನು ನೋಡಿದವರೆಲ್ಲ ಮೆಚ್ಚುತ್ತಾರೆ. ಆದರೆ ಸಭಾಭವನದಲ್ಲಿ ಮದುಮಗಳನ್ನು ಶೃಂಗರಿಸುವ ಕೋಣೆಯಲ್ಲಿ ಅದೇ ಕ್ಯಾಮೆರಾ, ಅದೇ ಲೆನ್ಸಿನಲ್ಲಿ ತೆಗೆದ ಚಿತ್ರ ಸಪ್ಪೆಯಾಗಿ ಬರುತ್ತದೆ. ಒಂದು ಕೆನ್ನೆ ನೀಲಿ, ಇನ್ನೊಂದು ಹಳದಿ. ಮತ್ತೊಂದು ಕಾರ್ಯಾಗಾರಕ್ಕೆ ಹಣ ಕಟ್ಟಲೇ, ಹೊಸ ಲೈಟ್ ಕೊಳ್ಳಲೇ?
— ಹೆಸರು ಬೇಡವೆಂದವರು, ಬ್ರಹ್ಮಾವರ

ಉತ್ತರ: ಸದ್ಯಕ್ಕೆ ಎರಡೂ ಬೇಡ. ಕಾರ್ಯಾಗಾರದಲ್ಲಿ ತೆಗೆದ ಚಿತ್ರದಲ್ಲಿ ನಿಮ್ಮದೆಂದು ಹೇಳಿಕೊಳ್ಳಬಹುದಾದ ಭಾಗ ಎಷ್ಟು ಎಂಬುದನ್ನು ಮೊದಲು ಲೆಕ್ಕ ಹಾಕಿ ನೋಡಿ. ಮಾಡೆಲನ್ನು ಆರಿಸಿದವರು ಸಂಘಟಕರು. ಸೀರೆ, ಒಡವೆ, ಮೇಕಪ್ಪು ಮತ್ತೊಬ್ಬರದು. ದೀಪದ ಬೆಳಕನ್ನು ಹರಡಿ ಮೃದುವಾಗಿಸುವ ಸಾಫ್ಟ್‌ಬಾಕ್ಸನ್ನು ಮುಖದಿಂದ ಎಷ್ಟು ದೂರದಲ್ಲಿ, ಎಷ್ಟು ಎತ್ತರದಲ್ಲಿ, ಯಾವ ಓರೆಯಲ್ಲಿ ನಿಲ್ಲಿಸಬೇಕೆಂದು ನಿರ್ಧರಿಸಿದವರು ಕಲಿಸಲು ಬಂದ ಛಾಯಾಗ್ರಾಹಕರು. ಚಿತ್ರದ ಬೆಳಕಿನ ಹದವನ್ನು ನಿರ್ಧರಿಸುವ ಶಟರ್, ಅಪರ್ಚರ್, ಐಎಸ್‌ಒ ಅಂಕೆಗಳನ್ನೂ ಹೆಚ್ಚಾಗಿ ಅವರೇ ಹೇಳಿಬಿಟ್ಟಿರುತ್ತಾರೆ. ನಿಮಗೆ ಉಳಿದದ್ದು ನಿಲ್ಲಲು ಸಿಕ್ಕಿದ ಜಾಗ ಮತ್ತು ಗುಂಡಿ ಒತ್ತಿದ ಗಳಿಗೆ. ಅದೇ ಮಾಡೆಲಿನ ಅದೇ ನೋಟ ನಿಮ್ಮ ಪಕ್ಕದಲ್ಲಿ ನಿಂತಿದ್ದವರ ಕ್ಯಾಮೆರಾದಲ್ಲಿಯೂ ಇರುತ್ತದೆ. ಆದ್ದರಿಂದ ಅಲ್ಲಿ ಮೆಚ್ಚುಗೆ ಪಡೆದದ್ದನ್ನು ಮದುವೆಮನೆಯಲ್ಲಿ ಕಳೆದುಕೊಂಡಿರೆಂದು ಕೊರಗಬೇಕಾಗಿಲ್ಲ. ಅದು ನಿಮ್ಮ ಕೈಗೆ ಇನ್ನೂ ಬಂದಿರಲಿಲ್ಲ, ಅಷ್ಟೆ.

ಇದನ್ನು ಕಾರ್ಯಾಗಾರಗಳ ಮೇಲಿನ ದೂರೆಂದು ತಿಳಿಯಬೇಡಿ. ಬೆಳಕಿಗೆ ಆಕಾರವಿದೆಯೆಂಬುದನ್ನು ಕಣ್ಣಾರೆ ತೋರಿಸಿಕೊಡುವುದಕ್ಕೆ ಅಷ್ಟು ಒಳ್ಳೆಯ ಜಾಗ ಬೇರೆ ಇಲ್ಲ. ದೀಪವನ್ನು ಮುಖದ ಓರೆಗೆ ಸುಮಾರು 45 ಡಿಗ್ರಿಯಲ್ಲಿ, ಕಣ್ಣಿಗಿಂತ ಎತ್ತರದಲ್ಲಿ ಇಟ್ಟಾಗ ನೆರಳಿನ ಕಡೆಯ ಕೆನ್ನೆಯ ಮೇಲೆ ಬೀಳುವ ಸಣ್ಣ ತ್ರಿಕೋನಕ್ಕೆ ಡಚ್ ಚಿತ್ರಕಾರ ರೆಂಬ್ರಾಂಟನ ಹೆಸರಿದೆ. ಅದನ್ನು ಪುಸ್ತಕದಲ್ಲಿ ಓದುವುದಕ್ಕಿಂತ ಒಬ್ಬರು ದೀಪವನ್ನು ಅತ್ತಿತ್ತ ಸರಿಸಿ ತೋರಿಸಿದರೆ ಐದು ನಿಮಿಷದಲ್ಲಿ ಅರ್ಥವಾಗುತ್ತದೆ. ಆದರೆ ಅಲ್ಲಿ ಬೆಳಕನ್ನು ಮದುಮಗಳ ಬಳಿಗೆ ತರುತ್ತಾರೆ. ಮದುವೆಮನೆಯಲ್ಲಿ ಮದುಮಗಳನ್ನು ಬೆಳಕಿನ ಬಳಿಗೆ ಕರೆದೊಯ್ಯಬೇಕು, ಅದೂ ಅವಳ ಅತ್ತೆ, ಚಿಕ್ಕಮ್ಮ, ಹೂವಿನವರು, ವೀಡಿಯೋದವರು ಇವರೆಲ್ಲರ ನಡುವೆ ದಾರಿ ಮಾಡಿಕೊಂಡು. ಈ ಎರಡನೆಯ ವಿದ್ಯೆಯನ್ನು ಕಾರ್ಯಾಗಾರದಲ್ಲಿ ಕಲಿಸುವುದು ಕಷ್ಟ.

ಇನ್ನು ನೀಲಿ ಮತ್ತು ಹಳದಿ ಕೆನ್ನೆಗಳ ವಿಷಯ. ಬೆಳಕಿನ ಬಣ್ಣವನ್ನು ಕೆಲ್ವಿನ್ ಎಂಬ ಅಳತೆಯಲ್ಲಿ ಹೇಳುತ್ತಾರೆ, ಅಂಕೆ ಏರಿದಷ್ಟೂ ನೀಲಿ, ಇಳಿದಷ್ಟೂ ಹಳದಿ. ಕಿಟಕಿಯಿಂದ ಬರುವ ಹಗಲಿನ ಬೆಳಕು ಸುಮಾರು 5500 ಕೆಲ್ವಿನ್ ಅಥವಾ ಅದಕ್ಕಿಂತ ಮೇಲೆ ಇರುತ್ತದೆ. ಕನ್ನಡಿಯ ಸುತ್ತ ಹಾಕಿರುವ ಹಳದಿ ಬಲ್ಬುಗಳದ್ದು 3000ದ ಆಸುಪಾಸು. ಚಾವಣಿಯ ಎಲ್‌ಇಡಿ ಟ್ಯೂಬು ಇವೆರಡರಲ್ಲಿ ಯಾವುದಕ್ಕೂ ಹೊಂದದೆ ಕೆಲವೊಮ್ಮೆ ಚರ್ಮಕ್ಕೆ ಹಸಿರು ಛಾಯೆಯನ್ನೂ ಸೇರಿಸುತ್ತದೆ. ಬಿಳಿಯನ್ನು ಬಿಳಿಯಾಗಿಯೇ ತೋರಿಸಲು ಕ್ಯಾಮೆರಾದಲ್ಲಿರುವ ವೈಟ್ ಬ್ಯಾಲೆನ್ಸ್ ಒಂದು ಸಲಕ್ಕೆ ಒಂದೇ ಬಗೆಯ ಬೆಳಕನ್ನು ಸರಿಪಡಿಸಬಲ್ಲುದು. ಹಾಗಾಗಿ ನೀವು ಕೊಳ್ಳಬೇಕಾದದ್ದು ಇನ್ನೊಂದು ಲೈಟನ್ನಲ್ಲ. ಇರುವ ದೀಪಗಳನ್ನು ಆರಿಸುವ ಧೈರ್ಯ ಮಾಡಿ ಸಾಕು. ಬ್ಯೂಟಿಷಿಯನ್ ಕೆಲಸ ಮಾಡುತ್ತಿರುವಾಗ ಸ್ವಿಚ್ಚಿಗೆ ಕೈ ಹಾಕಬಾರದು, ಅವರಿಗೆ ಆ ಬೆಳಕು ಬೇಕು. ಅವರ ಕೆಲಸ ಮುಗಿದು ಹೂ ಮುಡಿಸಿದ ಮೇಲೆ, ಮದುಮಗಳು ಕೋಣೆಯಿಂದ ಹೊರಡುವುದಕ್ಕೆ ಮೊದಲು, ಹತ್ತು ನಿಮಿಷ ನಿಮಗೆ ಬೇಕೆಂದು ಹಿಂದಿನ ದಿನವೇ ಅವರಲ್ಲಿಯೂ ಮನೆಯ ಹಿರಿಯ ಹೆಂಗಸರೊಬ್ಬರಲ್ಲಿಯೂ ಹೇಳಿಟ್ಟುಕೊಳ್ಳಿ. ಆಗ ಎಲ್ಲ ದೀಪ ಆರಿಸಿ, ಕುರ್ಚಿಯನ್ನು ಕಿಟಕಿಯ ಹತ್ತಿರಕ್ಕೆ ಎಳೆದು, ಬೆಳಕು ಅವಳ ಮುಖದ ಒಂದು ಪಕ್ಕಕ್ಕೆ ಸ್ವಲ್ಪ ಮುಂದಿನಿಂದ ಬೀಳುವಂತೆ ಕೂರಿಸಿದರೆ, ಕಾರ್ಯಾಗಾರದಲ್ಲಿ ಬಾಡಿಗೆಗೆ ತಂದ ದೊಡ್ಡ ಸಾಫ್ಟ್‌ಬಾಕ್ಸಿನ ಕೆಲಸವನ್ನು ಆ ಕಿಟಕಿಯೇ ಮಾಡುತ್ತದೆ. ಬಿಸಿಲು ನೇರವಾಗಿ ಬೀಳುತ್ತಿದ್ದರೆ ತೆಳ್ಳಗಿನ ಬಿಳಿ ಮುಂಡನ್ನು ಅಡ್ಡ ಕಟ್ಟಿ. ನೆರಳಿನ ಕಡೆ ಹೆಚ್ಚು ಕಪ್ಪಾದರೆ ಒಂದು ಥರ್ಮಾಕೋಲ್ ಹಲಗೆ ಹಿಡಿಯಲು ಮದುಮಗಳ ತಮ್ಮನನ್ನು ಕರೆಯಿರಿ. ಕೆಲಸವಿಲ್ಲದೆ ಬಾಗಿಲಲ್ಲಿ ನಿಂತಿರುವ ತಮ್ಮ ಎಲ್ಲ ಮದುವೆಯಲ್ಲಿಯೂ ಒಬ್ಬನಿರುತ್ತಾನೆ.

ಮದುವೆ ಅಥವಾ ಮದರಂಗಿ ಮನೆಯಲ್ಲಿಯೇ ನಡೆಯುವುದಾದರೆ ನಮ್ಮ ಕಡೆಯ ಹಳೆಯ ಮನೆಗಳು ಪೋರ್ಟ್ರೇಟಿಗೆಂದೇ ಕಟ್ಟಿದಂತಿವೆ. ಹೆಂಚಿನ ಮಾಡು ಜಗಲಿಯ ಮೇಲೆ ಇಳಿಜಾರಾಗಿ ಚಾಚಿರುವುದರಿಂದ ಮೇಲಿನ ಬಿಸಿಲು ತಡೆದು, ಅಂಗಳದ ಬೆಳಕು ಮಾತ್ರ ಎದುರಿನಿಂದ ಒಳಗೆ ಬರುತ್ತದೆ. ಇಲ್ಲಿ ಎರಡು ವಿಷಯ ನೆನಪಿರಲಿ. ಕಾವಿ ನೆಲವೂ ಮುರಕಲ್ಲಿನ ಅಂಗಳವೂ ತಮ್ಮ ಕೆಂಪನ್ನು ಗಲ್ಲದ ಕೆಳಭಾಗಕ್ಕೆ ಎರಚುತ್ತವೆ; ಚೌಕಟ್ಟಿನ ಹೊರಗೆ, ಅವಳ ಕಾಲ ಬುಡದಲ್ಲಿ ಒಂದು ಬಿಳಿ ಬೆಡ್‌ಶೀಟ್ ಹಾಸಿದರೆ ಆ ಕೆಂಪು ಹೋಗುತ್ತದೆ. ಅಡಿಕೆ, ತೆಂಗಿನ ತೋಟದ ನಡುವೆ ನಿಲ್ಲಿಸಿದರೆ ಎಲೆಗಳ ಹಸಿರು ಮುಖಕ್ಕೆ ಹತ್ತುತ್ತದೆ, ಆದ್ದರಿಂದ ತೋಟದ ಅಂಚಿನಲ್ಲಿ, ಆಕಾಶ ಕಾಣುವ ಕಡೆಗೆ ಮುಖ ಮಾಡಿ ನಿಲ್ಲಿಸಬೇಕು.

ಸಮಯದ ಲೆಕ್ಕಕ್ಕೆ ಬರೋಣ. ನಮ್ಮಲ್ಲಿ ಧಾರೆಗೆ ಅಭಿಜಿನ್ ಮುಹೂರ್ತ ಇಡುವವರು ಬಹಳ. ಅದು ನಡುಹಗಲು, ಸೂರ್ಯ ನೆತ್ತಿಯ ಮೇಲಿದ್ದು, ಅಂಗಳಕ್ಕೆ ಕರೆತಂದರೆ ಕಣ್ಣಿನ ಗುಳಿಯಲ್ಲಿ ಕಪ್ಪು ನೆರಳು ಬೀಳುತ್ತದೆ. ಧಾರೆ ಮುಗಿದ ಕೂಡಲೇ ಉಡುಗೊರೆ ಕೊಡುವವರ ಸಾಲು, ಆಮೇಲೆ ಊಟ. ಸಂಜೆ ಸಮುದ್ರತೀರಕ್ಕೆ ಕರೆದುಕೊಂಡು ಹೋಗಬಹುದೆಂದು ನೀವು ಕನಸು ಕಾಣುವ ಹೊತ್ತಿಗೆ ಅವಳು ಮುಂಜಾನೆ ಎದ್ದ ಆಯಾಸದಲ್ಲಿರುತ್ತಾಳೆ. ಒಳ್ಳೆಯ ಪೋರ್ಟ್ರೇಟ್ ಆಗುವುದಿದ್ದರೆ ಬೆಳಗ್ಗೆ ಆ ಕೋಣೆಯಲ್ಲಿಯೇ ಆಗಬೇಕು. ಸಭಾಭವನಕ್ಕೆ ಹಿಂದಿನ ದಿನ, ಅದೇ ಗಂಟೆಗೆ ಹೋಗಿ, ಯಾವ ಕಿಟಕಿ ಯಾವ ದಿಕ್ಕಿಗಿದೆ, ಎದುರಿಗೆ ಗೋಡೆಯಿದೆಯೇ ಬಯಲಿದೆಯೇ ಎಂದು ನೋಡಿಕೊಂಡು ಬರುವುದು ಯಾವ ಲೈಟಿಗಿಂತಲೂ ಅಗ್ಗವಾದ ಸಿದ್ಧತೆ. ಕೆಥೊಲಿಕ್ ಮದುವೆಗಳಲ್ಲಿ ಈ ಲೆಕ್ಕ ಬೇರೆ. ಅಲ್ಲಿ ಹಿಂದಿನ ದಿನದ ರೋಸ್ ಶಾಸ್ತ್ರದಲ್ಲಿ ತೆಂಗಿನ ಹಾಲು ಹಚ್ಚಿಸಿಕೊಂಡು ಕುಳಿತ ಮದುಮಗಳ ಮುಖ, ಮರುದಿನದ ಬಿಳಿ ಉಡುಪಿನ ಪೋರ್ಟ್ರೇಟಿಗಿಂತ ಎಷ್ಟೋ ಹೆಚ್ಚು ಜೀವಂತವಾಗಿರುತ್ತದೆ ಎಂಬುದು ನನ್ನ ಅಭಿಪ್ರಾಯ. ಮನೆಯವರು ಒಪ್ಪುವುದಿಲ್ಲ, ಅವರಿಗೆ ಉಡುಪಿನದ್ದೇ ದೊಡ್ಡದಾಗಿ ಬೇಕು. ಎರಡನ್ನೂ ತೆಗೆಯಿರಿ.

ಈಗ ಅಭ್ಯಾಸದ ಕ್ರಮ. ಕಾರ್ಯಾಗಾರದಿಂದ ಬಂದ ವಾರದೊಳಗೆ, ಅಲ್ಲಿ ನೋಡಿದ ಒಂದೇ ಒಂದು ಬೆಳಕಿನ ಏರ್ಪಾಡನ್ನು ಮನೆಯಲ್ಲಿ ನೀವೇ ಮತ್ತೆ ಕಟ್ಟಬೇಕು. ಅಕ್ಕನೋ ಅತ್ತಿಗೆಯೋ ಒಂದು ರೇಷ್ಮೆ ಸೀರೆ ಉಟ್ಟು ಕುಳಿತರೆ ಸಾಕು, ಮೇಕಪ್ಪಿನ ಅಗತ್ಯವಿಲ್ಲ. ಫೋನಿನಲ್ಲಿ ಹತ್ತು ನಿಮಿಷದ ಅಲಾರಂ ಇಟ್ಟು, ಅಷ್ಟರೊಳಗೆ ಮುಖದ ಸಮೀಪ ಚಿತ್ರ, ಸೊಂಟದವರೆಗಿನದು, ನಿಂತದ್ದು, ಕೈಗಳದ್ದು, ಬೆನ್ನಿನ ಜಡೆಯದ್ದು ಇಷ್ಟನ್ನೂ ಮುಗಿಸಿ. ಮುಂದಿನ ಸಲ ಎಲ್ಲವನ್ನೂ ಹಾಗೆಯೇ ಇಟ್ಟುಕೊಂಡು ದೀಪವನ್ನು ಮಾತ್ರ ಸರಿಸಿ. ಸಣ್ಣ ದೀಪವನ್ನು ಎರಡರಷ್ಟು ದೂರಕ್ಕೆ ಒಯ್ದರೆ ಮುಖದ ಮೇಲಿನ ಬೆಳಕು ಅರ್ಧವಾಗುವುದಿಲ್ಲ, ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ ಎಂಬುದನ್ನು ಕಾರ್ಯಾಗಾರದಲ್ಲಿ ನೀವು ಬರೆದುಕೊಂಡಿರುತ್ತೀರಿ. ಅದು ನಿಮ್ಮ ಕೈಯಲ್ಲಿ ಆದಾಗ ಮಾತ್ರ ಹಿಂದಿನ ಗೋಡೆ ಯಾವಾಗ ಕಪ್ಪಾಗುತ್ತದೆ, ಯಾವಾಗ ಬೆಳಗುತ್ತದೆ ಎಂಬುದು ತಿಳಿಯುತ್ತದೆ. ಪ್ರತಿ ಸಲವೂ ಒಂದು ನೋಟ್‌ಬುಕ್ಕಿನಲ್ಲಿ ಕಿಟಕಿ, ಕುರ್ಚಿ, ಕ್ಯಾಮೆರಾ ಎಲ್ಲಿದ್ದವೆಂದು ಗೆರೆ ಎಳೆದಿಟ್ಟುಕೊಳ್ಳಿ.

ಇನ್ನೊಂದು ಪಾಠಶಾಲೆ ನಿಮ್ಮ ಊರಿನ ಬಯಲಿಗೇ ಬರುತ್ತದೆ: ಯಕ್ಷಗಾನದ ಚೌಕಿ, ಅಂದರೆ ಕಲಾವಿದರು ವೇಷ ಕಟ್ಟಿಕೊಳ್ಳುವ ಜಾಗ. ಇಕ್ಕಟ್ಟಾದ ಜಾಗ, ಬಲ್ಬಿನ ಬೆಳಕು, ಕೆಂಪು ಮತ್ತು ಚಿನ್ನದ ಬಣ್ಣದ ವೇಷಗಳು, ಬಣ್ಣ ಹಚ್ಚಿಕೊಳ್ಳುತ್ತಿರುವ ಕಲಾವಿದರು ನಿಮಗಾಗಿ ಕೈ ನಿಲ್ಲಿಸುವುದಿಲ್ಲ. ಶೃಂಗಾರದ ಕೋಣೆಯ ಎಲ್ಲ ಕಷ್ಟಗಳೂ ಅಲ್ಲಿವೆ, ತಪ್ಪಿದರೆ ಆಲ್ಬಂ ಕೆಡುವ ಭಯ ಮಾತ್ರ ಇಲ್ಲ. ಮೇಳದವರಲ್ಲಿ ಕೇಳಿಕೊಂಡು, ಫ್ಲ್ಯಾಶ್ ಹಾಕದೆ, ದೇವರ ಪೆಟ್ಟಿಗೆಯಿರುವ ಕಡೆ ಚಪ್ಪಲಿ ಕಳಚಿ, ಒಂದು ಮೂಲೆಯಲ್ಲಿ ಕುಳಿತು ತೆಗೆಯಿರಿ. ಯಾರಿಗೂ ತೊಂದರೆ ಕೊಡದೆ ಕೋಣೆಯೊಂದರಲ್ಲಿ ಇರುವುದನ್ನು ಯಾವ ಕಾರ್ಯಾಗಾರವೂ ಇಷ್ಟು ಚೆನ್ನಾಗಿ ಕಲಿಸಲಾರದು.

ಇಷ್ಟಾದ ಮೇಲೆ ಮತ್ತೊಂದು ಕಾರ್ಯಾಗಾರಕ್ಕೆ ಹೋಗಬೇಕೆನಿಸಿದರೆ, ಹಣ ಕಟ್ಟುವ ಮೊದಲು ಫೋನ್ ಮಾಡಿ ಕೇಳಿ: ಒಂದು ಮಾಡೆಲಿಗೆ ಎಷ್ಟು ಮಂದಿ? ದೀಪವನ್ನು ಇಡುವ ಅವಕಾಶ ಕಲಿಯುವವರಿಗೆ ಇದೆಯೇ? ನಾವು ತಂದ ಚಿತ್ರಗಳನ್ನು ನೋಡಿ ತಿದ್ದುತ್ತೀರಾ? ಮೂರನೆಯದಕ್ಕೆ ಹೌದೆಂದವರಲ್ಲಿಗೆ ಹೋಗಿ. ಕಂಪೆನಿಯೊಂದರ ಲೈಟನ್ನು ದಿನವಿಡೀ ಹೊಗಳಿ ಸಂಜೆ ರಿಯಾಯಿತಿ ದರ ಹೇಳುವ ಕಾರ್ಯಕ್ರಮವೂ ಕಾರ್ಯಾಗಾರವೆಂಬ ಹೆಸರಿನಲ್ಲಿಯೇ ನಡೆಯುತ್ತದೆ. ಊಟ ಚೆನ್ನಾಗಿದ್ದರೆ ಹೋಗಬಹುದು. ಕಾರ್ಯಾಗಾರದ ಚಿತ್ರಗಳನ್ನು ಗಿರಾಕಿಗಳಿಗೆ ತೋರಿಸುವ ಆಲ್ಬಮಿನಲ್ಲಿ ಸೇರಿಸಬೇಡಿ, ಸೇರಿಸಲೇಬೇಕಾದರೆ ಕಾರ್ಯಾಗಾರದ್ದೆಂದು ಬರೆಯಿರಿ. ಹೆಣ್ಣಿನ ಮನೆಯವರು ಆ ಚಿತ್ರವನ್ನು ನೋಡಿ ಮುಂಗಡ ಕೊಡುತ್ತಾರೆ. ತಮ್ಮ ಮಗಳ ಆಲ್ಬಮಿನಲ್ಲಿಯೂ ಅದೇ ಬೆಳಕು ಬರುತ್ತದೆಂದು ಅವರು ನಂಬುವುದರಲ್ಲಿ ತಪ್ಪಿಲ್ಲ.

ಪ್ರಶ್ನೆ: ನಾನು ಕಾಲೇಜು ಮುಗಿಸಿ ಛಾಯಾಗ್ರಹಣ ಕಲಿಯುತ್ತಿದ್ದೇನೆ. ಬ್ರೈಡಲ್ ಪೋರ್ಟ್ರೇಟ್ ತೆಗೆಯಬೇಕೆಂಬ ಆಸೆ, ಆದರೆ ಅನುಭವವಿಲ್ಲದ ಹುಡುಗಿಗೆ ಮದುವೆಯ ಕೆಲಸ ಯಾರೂ ಕೊಡುವುದಿಲ್ಲ. ಪರಿಚಯದ ಬ್ಯೂಟಿಷಿಯನ್ ಒಬ್ಬರು ತಮ್ಮ ಮದುಮಗಳಂದಿರ ಚಿತ್ರ ತೆಗೆದುಕೊಡು ಎನ್ನುತ್ತಾರೆ. ಒಪ್ಪಿಕೊಳ್ಳಬಹುದೇ? ಆ ಚಿತ್ರಗಳನ್ನು ಇನ್‌ಸ್ಟಾಗ್ರಾಂನಲ್ಲಿ ಹಾಕುವ ಹಕ್ಕು ಯಾರದ್ದು?
— ಓದುಗರು, ಸುರತ್ಕಲ್

ಉತ್ತರ: ಖಂಡಿತ ಒಪ್ಪಿಕೊಳ್ಳಿ, ಆದರೆ ಮದುವೆಯ ದಿನವಲ್ಲ. ಮದುವೆಗೆ ಮೊದಲು ಮೇಕಪ್ಪು ಹೇಗೆ ಒಪ್ಪುತ್ತದೆಂದು ನೋಡಲು ಟ್ರಯಲ್ ಮಾಡುತ್ತಾರಲ್ಲ, ಆ ದಿನ ಕೇಳಿ. ಗಡಿಬಿಡಿ ಇರುವುದಿಲ್ಲ, ಮದುಮಗಳಿಗೂ ಕ್ಯಾಮೆರಾದ ಎದುರು ಕುಳಿತು ಅಭ್ಯಾಸವಾಗುತ್ತದೆ, ತನ್ನ ಮುಖಕ್ಕೆ ಯಾವ ಪಕ್ಕ ಚಂದವೆಂದು ಅವಳಿಗೇ ಗೊತ್ತಾಗುತ್ತದೆ. ಮದುವೆಯ ದಿನಕ್ಕೆ ಮನೆಯವರು ಗೊತ್ತುಮಾಡಿದ ಛಾಯಾಗ್ರಾಹಕರಿರುತ್ತಾರೆ. ಅವರು ಕಾದುಕೊಂಡಿರುವ ಆ ಹತ್ತು ನಿಮಿಷದಲ್ಲಿ ನೀವೂ ನಿಂತರೆ ಇಬ್ಬರಿಗೂ ಚಿತ್ರ ಸಿಗುವುದಿಲ್ಲ.

ಹಕ್ಕಿನ ಪ್ರಶ್ನೆ ಒಳ್ಳೆಯದು, ಅನೇಕ ಹಿರಿಯ ಛಾಯಾಗ್ರಾಹಕರಿಗೂ ಇದರ ಸ್ಪಷ್ಟ ತಿಳಿವಳಿಕೆಯಿಲ್ಲ. 1957ರ ಹಕ್ಕುಸ್ವಾಮ್ಯ ಕಾಯಿದೆಯ 17ನೆಯ ಕಲಮಿನ ಪ್ರಕಾರ, ಯಾರಾದರೂ ಹಣ ಕೊಟ್ಟು ತೆಗೆಸಿಕೊಂಡ ಛಾಯಾಚಿತ್ರಕ್ಕೆ, ಬೇರೆ ಒಪ್ಪಂದವಿಲ್ಲದಿದ್ದರೆ, ತೆಗೆಸಿದವರೇ ಮೊದಲ ಹಕ್ಕುದಾರರು. ಹಣದ ಮಾತಿಲ್ಲದೆ ನೀವಾಗಿ ಅಭ್ಯಾಸಕ್ಕೆ ತೆಗೆದ ಚಿತ್ರದ ಹಕ್ಕು ಸಾಮಾನ್ಯವಾಗಿ ನಿಮ್ಮದೇ. ಆದರೆ ಹಕ್ಕು ಇದೆಯೆಂದ ಮಾತ್ರಕ್ಕೆ ಒಬ್ಬಳ ಮುಖವನ್ನು ಊರಿಗೆಲ್ಲ ತೋರಿಸಬಹುದೆಂದು ಅರ್ಥವಲ್ಲ. ಚಿತ್ರ ಎಲ್ಲಿ ಹಾಕುತ್ತೀರಿ, ಯಾವಾಗ ಹಾಕುತ್ತೀರಿ, ಬ್ಯೂಟಿಷಿಯನ್ ತಮ್ಮ ಜಾಹೀರಾತಿಗೆ ಬಳಸಬಹುದೇ, ಬೇಡವೆಂದಾಗ ತೆಗೆದುಹಾಕುತ್ತೀರೇ ಎಂಬುದನ್ನು ಕನ್ನಡದಲ್ಲಿ ಒಂದು ಪುಟದಲ್ಲಿ ಬರೆದು ಸಹಿ ಮಾಡಿಸಿಕೊಳ್ಳಿ. ಮದುವೆ ಮುಗಿಯುವ ಮೊದಲು ಯಾವ ಚಿತ್ರವನ್ನೂ ಹಾಕುವುದಿಲ್ಲವೆಂಬ ಸಾಲನ್ನು ನೀವಾಗಿಯೇ ಸೇರಿಸಿ. ಸೀರೆಯ ಬಣ್ಣ ಮೊದಲೇ ಬಯಲಾದರೆ ಆಗುವ ರಂಪ ನಿಮಗೆ ಬೇಡ.

ಹುಡುಗಿಯೆಂಬ ಕಾರಣಕ್ಕೆ ಹಿಂಜರಿಯಬೇಡಿ. ಶೃಂಗಾರದ ಕೋಣೆಯೊಳಗೆ ಸೀರೆಯ ನೆರಿಗೆ ಕೂರಿಸುವ ಹೊತ್ತಿಗೂ ನೀವು ಇರಬಹುದು, ಗಂಡಸರು ಬಾಗಿಲ ಹೊರಗೆ ಕಾಯಬೇಕು. ಕರಾವಳಿಯ ಅನೇಕ ಮುಸ್ಲಿಂ ಕುಟುಂಬಗಳು ಹೆಂಗಸರ ಕಡೆಯ ಚಿತ್ರಗಳಿಗೆ ಹೆಣ್ಣುಮಕ್ಕಳನ್ನೇ ಹುಡುಕುತ್ತವೆ. ಅಲ್ಲಿ ಚಿತ್ರಗಳನ್ನು ಹೊರಗೆ ತೋರಿಸುವುದಿಲ್ಲವೆಂಬ ನಂಬಿಕೆಯ ಮೇಲೆಯೇ ಕೆಲಸ ಸಿಗುವುದು. ಅಂಥ ಚಿತ್ರಗಳಿಂದ ನಿಮ್ಮ ಆಲ್ಬಂ ಬೆಳೆಯದಿದ್ದರೂ ಕೈ ಬೆಳೆಯುತ್ತದೆ, ಒಂದು ಮನೆಯಿಂದ ಇನ್ನೊಂದು ಮನೆಗೆ ಹೆಸರೂ ಹೋಗುತ್ತದೆ.

ಪ್ರಶ್ನೆ: ಕೆಂಪು ಕಾಂಜೀವರಂ ಸೀರೆ ನನ್ನ ಚಿತ್ರಗಳಲ್ಲಿ ನೆರಿಗೆಯೇ ಕಾಣದ ಕೆಂಪು ಮುದ್ದೆಯಾಗುತ್ತದೆ, ಮಲ್ಲಿಗೆ ಸುಟ್ಟು ಬಿಳಿಯಾಗುತ್ತದೆ, ಒಡವೆ ಎಲ್ಲೆಲ್ಲೋ ಹೊಳೆಯುತ್ತದೆ. 85 ಮಿ.ಮೀ. ಲೆನ್ಸ್ ಕೊಂಡರೆ ಸರಿಯಾದೀತೇ? ಹೊಳಪಿಗೆ ಪೋಲರೈಸರ್ ಫಿಲ್ಟರ್ ಹಾಕಲು ಗೆಳೆಯರು ಹೇಳುತ್ತಾರೆ.
— ಓದುಗರು, ಕುಂದಾಪುರ

ಉತ್ತರ: ಮೂರೂ ಬೇರೆ ಬೇರೆ ರೋಗಗಳು, ಲೆನ್ಸ್ ಯಾವುದಕ್ಕೂ ಮದ್ದಲ್ಲ. ಕೆಂಪು ಸೀರೆಯಲ್ಲಿ ಕ್ಯಾಮೆರಾದ ಕೆಂಪು ಚಾನೆಲ್ ಉಳಿದ ಎರಡಕ್ಕಿಂತ ಬಹಳ ಮೊದಲೇ ತುಂಬಿಹೋಗುತ್ತದೆ. ಚಿತ್ರದ ಬೆಳಕು ಕಪ್ಪಿನಿಂದ ಬಿಳಿಯವರೆಗೆ ಹೇಗೆ ಹಂಚಿದೆಯೆಂದು ತೋರಿಸುವ ಸಾಮಾನ್ಯ ಹಿಸ್ಟೋಗ್ರಾಮಿನಲ್ಲಿ ಎಲ್ಲವೂ ಸರಿಯಿದ್ದಂತೆ ಕಾಣುತ್ತದೆ. ಕೆಂಪು, ಹಸಿರು, ನೀಲಿಗಳನ್ನು ಬೇರೆ ಬೇರೆ ತೋರಿಸುವ ಹಿಸ್ಟೋಗ್ರಾಮ್ ತೆರೆದರೆ ಕೆಂಪಿನದು ಬಲಗೋಡೆಗೆ ಹೊಡೆದು ನಿಂತಿರುವುದು ಗೊತ್ತಾಗುತ್ತದೆ. ಅದು ಗೋಡೆ ಬಿಡುವವರೆಗೆ ಎಕ್ಸ್‌ಪೋಷರ್ ಇಳಿಸಿ, ಹೆಚ್ಚಾಗಿ ಮೂರನೆಯ ಒಂದರಿಂದ ಮೂರನೆಯ ಎರಡು ಸ್ಟಾಪ್ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧ) ಸಾಕಾಗುತ್ತದೆ. ಜೆಪೆಗ್ ಬಿಟ್ಟು, ಸೆನ್ಸರ್ ಹಿಡಿದದ್ದನ್ನು ಹಾಗೆಯೇ ಉಳಿಸುವ ರಾ ಕಡತದಲ್ಲಿ ತೆಗೆಯಿರಿ. ಕ್ಯಾಮೆರಾದಲ್ಲಿ ವಿವಿಡ್ ಎಂಬ ಬಣ್ಣದ ಆಯ್ಕೆ ಇದ್ದರೆ ಮದುವೆಯ ಮಟ್ಟಿಗೆ ಅದನ್ನು ಮರೆತುಬಿಡಿ. ಹೀಗೆ ಇಳಿಸಿದಾಗ ಮಲ್ಲಿಗೆಯೂ ಬಹುಮಟ್ಟಿಗೆ ಉಳಿಯುತ್ತದೆ, ಮುಖ ಮಾತ್ರ ಸ್ವಲ್ಪ ಮಂಕಾಗುತ್ತದೆ; ಅದನ್ನು ಎದುರಿನ ಬಿಳಿ ಹಲಗೆಯಿಂದ ಎತ್ತಬೇಕು. ಶಂಕರಪುರದ ಮಲ್ಲಿಗೆಯನ್ನು ಅಟ್ಟೆಗಟ್ಟಲೆ ಮುಡಿದ ಮದುಮಗಳ ಜಡೆಯಲ್ಲಿ ಒಂದೊಂದು ಮೊಗ್ಗೂ ಬಿಡಿಯಾಗಿ ಕಾಣಬೇಕಾದರೆ ಬೆಳಕು ಪಕ್ಕದಿಂದ ಜಾರಿ ಬರಬೇಕು. ಕ್ಯಾಮೆರಾದ ತಲೆಯ ಮೇಲಿನ ಫ್ಲ್ಯಾಶನ್ನು ನೇರವಾಗಿ ಹೊಡೆದರೆ ಅದು ಹತ್ತಿಯ ಉಂಡೆಯಾಗುತ್ತದೆ.

ಒಡವೆಯ ಹೊಳಪಿಗೆ ಪೋಲರೈಸರಿನಿಂದ ಪ್ರಯೋಜನ ಕಡಿಮೆ. ನೀರು, ಗಾಜು, ಎಣ್ಣೆಯಂಶದ ಚರ್ಮ ಇವುಗಳ ಹೊಳಪನ್ನು ಅದು ತಗ್ಗಿಸಬಲ್ಲುದು. ಲೋಹದಿಂದ ಬರುವ ಸಾಮಾನ್ಯ ಪ್ರತಿಫಲನವನ್ನು ಅದು ಹಾಗೆ ಕತ್ತರಿಸಲಾರದು. ಚಿನ್ನ ತನ್ನ ಎದುರಿಗಿರುವುದನ್ನೇ ತೋರಿಸುತ್ತದೆ. ಎದುರಿಗೆ ಸಣ್ಣ ಬಲ್ಬಿದ್ದರೆ ಚುಕ್ಕಿಯಂಥ ಹೊಳಪು, ದೊಡ್ಡ ಕಿಟಕಿಯಿದ್ದರೆ ಅಗಲವಾದ ಮೃದುವಾದ ಹೊಳಪು. ಆದ್ದರಿಂದ ಫ್ಲ್ಯಾಶ್ ಬಳಸಲೇಬೇಕಾದಾಗ ಪಕ್ಕದ ಬಿಳಿ ಗೋಡೆಗೋ ತಗ್ಗಾದ ಬಿಳಿ ಚಾವಣಿಗೋ ತಿರುಗಿಸಿ ಹೊಡೆಯಿರಿ. ಸಭಾಭವನದ ಎತ್ತರದ ಚಾವಣಿಗೆ ಹೊಡೆಯುವುದು ಬ್ಯಾಟರಿಗೆ ದಂಡ.

85 ಮಿ.ಮೀ. ಒಳ್ಳೆಯ ಲೆನ್ಸೇ. ಆದರೆ ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ ಅದರ ಅಪರ್ಚರನ್ನು ಎಫ್ 1.8ಕ್ಕೆ ಅಗಲವಾಗಿ ತೆರೆದು ಎರಡು ಮೀಟರ್ ದೂರದಿಂದ ತೆಗೆದರೆ ಸ್ಫುಟವಾಗಿ ಬರುವ ಆಳ ಸುಮಾರು 6 ಸೆಂಟಿಮೀಟರ್ ಮಾತ್ರ. ಕಣ್ಣು ಸ್ಫುಟವಾದಾಗ ಕಿವಿಯ ಜುಮುಕಿ ಮಂಜಾಗುತ್ತದೆ, ಮತ್ತು ಆ ಜುಮುಕಿ ಅಜ್ಜಿಯದ್ದಾಗಿದ್ದರೆ ನಿಮಗೆ ಮಾತು ಕೇಳಿಬರುತ್ತದೆ. ಎಫ್ 4ಕ್ಕೆ ಇಳಿಸಿದರೆ ಅದು 13 ಸೆಂಟಿಮೀಟರಿನ ಹತ್ತಿರ ಬರುತ್ತದೆ, ಹಣೆಯ ಬೈತಲೆಬೊಟ್ಟಿನಿಂದ ಕಿವಿಯವರೆಗೆ ಹೆಚ್ಚುಕಡಿಮೆ ಎಲ್ಲವೂ ಉಳಿಯುತ್ತದೆ. ನಿಮ್ಮದು ಚಿಕ್ಕ ಸೆನ್ಸರಿನ ಕ್ಯಾಮೆರಾ ಆಗಿದ್ದರೆ ಈಗಿರುವ 50 ಮಿ.ಮೀ. ಲೆನ್ಸೇ ಅಲ್ಲಿ 75-80ರ ನೋಟ ಕೊಡುತ್ತದೆ. ಕೊಳ್ಳುವ ಹಣವನ್ನು ಇನ್ನೊಂದು ಮೆಮೊರಿ ಕಾರ್ಡಿಗೂ ಹಾರ್ಡ್ ಡಿಸ್ಕಿಗೂ ಹಾಕಿ.

ಪ್ರಶ್ನೆ: ಮಗಳನ್ನು ಬೆಳ್ಳಗೆ ಮಾಡಿಕೊಡಿ ಎಂದು ತಾಯಂದಿರು ಕೇಳುತ್ತಾರೆ. ಇಲ್ಲವೆಂದರೆ ಗಿರಾಕಿ ಕೈತಪ್ಪುತ್ತದೆ. ಏನು ಮಾಡಬೇಕು?
— ಓದುಗರು, ಪುತ್ತೂರು

ಉತ್ತರ: ಅವರು ಹಾಗೆ ಕೇಳುವುದಕ್ಕೆ ಅರ್ಧ ಕಾರಣ ನಾವೇ. ಕಪ್ಪು ಮೈಬಣ್ಣದ ಮುಖಕ್ಕೆ ಸಾಕಷ್ಟು ಬೆಳಕು ಕೊಡದೆ ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ಎತ್ತಿದಾಗ ಚರ್ಮ ಬೂದಿಬಣ್ಣಕ್ಕೆ ತಿರುಗಿ ಕಾಳುಕಾಳಾಗುತ್ತದೆ. ಅದನ್ನು ನೋಡಿದ ತಾಯಿ ಬೆಳ್ಳಗೆ ಮಾಡಿ ಎನ್ನದೆ ಇನ್ನೇನು ಹೇಳಿಯಾರು? ದೊಡ್ಡ ಮೃದುವಾದ ಬೆಳಕನ್ನು ಪಕ್ಕದಿಂದ ಕೊಟ್ಟರೆ ಕಪ್ಪು ಚರ್ಮದ ಮೇಲೆ ಕೆನ್ನೆ, ಮೂಗು, ಹಣೆಗಳಲ್ಲಿ ಮೂಡುವ ಹೊಳಪೇ ಮುಖಕ್ಕೆ ಆಕಾರ ಕೊಡುತ್ತದೆ. ವೈಟ್ ಬ್ಯಾಲೆನ್ಸಿಗೆ ಮೊದಲ ಚಿತ್ರದಲ್ಲಿ ಒಂದು ಬೂದು ಕಾರ್ಡ್ ಹಿಡಿಸಿ, ಬಣ್ಣ ನಿಜವಾಗಿ ಬರುತ್ತದೆ. ಮೇಕಪ್ಪು ಕುತ್ತಿಗೆಗಿಂತ ಮುಖವನ್ನು ಬಿಳಿಯಾಗಿಸಿದ್ದರೆ ಅದನ್ನು ಬ್ಯೂಟಿಷಿಯನ್ನರಿಗೆ ಕೋಣೆಯಲ್ಲಿಯೇ ಮೆಲ್ಲಗೆ ತಿಳಿಸಿ, ಫ್ಲ್ಯಾಶ್ ಬಿದ್ದಾಗ ಅದು ಎರಡು ಬೇರೆ ಹೆಂಗಸರ ಚರ್ಮದಂತೆ ಕಾಣುತ್ತದೆ. ಹೀಗೆ ತೆಗೆದ ಎರಡು ಚಿತ್ರಗಳನ್ನು ಮುದ್ರಿಸಿ ಮಾತುಕತೆಯ ದಿನವೇ ತಾಯಿಯ ಕೈಗೆ ಕೊಡಿ. ಮೊಡವೆ ಅಳಿಸಬಹುದು, ಕಣ್ಣ ಕೆಳಗಿನ ಆಯಾಸ ತಗ್ಗಿಸಬಹುದು. ಮೈಬಣ್ಣ ಬದಲಿಸುವುದಿಲ್ಲವೆಂದು ದರಪಟ್ಟಿಯಲ್ಲಿಯೇ ಬರೆದಿಡಿ. ಗಿರಾಕಿ ಒಬ್ಬರು ಕೈತಪ್ಪಿದರೆ ತಪ್ಪಲಿ.

ಪ್ರಶ್ನೆ: ಆಟಿ ತಿಂಗಳಲ್ಲಿ (ತುಳುವರ ಲೆಕ್ಕದಲ್ಲಿ ಜುಲೈ-ಆಗಸ್ಟ್ ನಡುವಿನ ಮಳೆಗಾಲ) ನಮಗೆ ಮದುವೆಗಳಿಲ್ಲ. ಮಳೆಯಲ್ಲಿ ಕ್ಯಾಮೆರಾ ಹೊರತೆಗೆಯಲು ಹೆದರಿಕೆ, ಚೀಲದಲ್ಲಿಟ್ಟರೆ ಲೆನ್ಸಿಗೆ ಫಂಗಸ್. ಕಲಿಕೆ ಮುಂದುವರಿಸುವುದು ಹೇಗೆ?
— ಓದುಗರು, ಕಾಪು

ಉತ್ತರ: ಮೋಡ ಮುಚ್ಚಿದ ಆಟಿಯ ಆಕಾಶ ವರ್ಷದಲ್ಲೇ ಅತಿ ಮೃದುವಾದ ಬೆಳಕು ಕೊಡುತ್ತದೆ, ಮದುವೆ ಇಲ್ಲದ ತಿಂಗಳಲ್ಲೇ ಅದು ಬರುವುದು ನಮ್ಮ ದುರದೃಷ್ಟ. ಆದರೆ ಮದುಮಗಳಂದಿರು ಇದ್ದಾರೆ. ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳು ಆಟಿಯಲ್ಲಿ ತವರುಮನೆಗೆ ಬಂದಿರುವ ವಾಡಿಕೆ ತುಳುನಾಡಿನಲ್ಲಿ ಈಗಲೂ ಅನೇಕ ಮನೆಗಳಲ್ಲಿದೆ. ನೆರೆಕರೆಯಲ್ಲೋ ನೆಂಟರಲ್ಲೋ ಅಂಥವರಿದ್ದರೆ, ಧಾರೆಯ ಸೀರೆಯನ್ನು ಇನ್ನೊಮ್ಮೆ ಉಟ್ಟು ತಾಯಿಯ ಜೊತೆ ಚಾವಡಿಯಲ್ಲಿ ಕುಳಿತುಕೊಳ್ಳಲು ಕೇಳಿ ನೋಡಿ. ಮದುವೆಯ ದಿನ ಸಿಗದ ಬಿಡುವು ಅವರಿಗೆ ಈಗ ಇರುತ್ತದೆ, ನಿಮಗೂ ತಪ್ಪಿದ್ದನ್ನು ಮತ್ತೆ ತೆಗೆಯುವ ಅವಕಾಶವಿರುತ್ತದೆ. ಒಂದು ಪ್ರತಿಯನ್ನು ಮುದ್ರಿಸಿ, ಚೌಕಟ್ಟು ಹಾಕಿಸಿ ಆ ಮನೆಗೆ ಕೊಡಿ. ಬೆಳಕು ಮೃದುವಾದರೂ ಪ್ರಮಾಣದಲ್ಲಿ ಕಡಿಮೆಯಿರುವುದರಿಂದ ಐಎಸ್‌ಒ ಏರಿಸಲು ಅಂಜಬೇಡಿ, ಶಟರ್ ಸೆಕೆಂಡಿನ 125ರಲ್ಲಿ ಒಂದು ಭಾಗಕ್ಕಿಂತ ನಿಧಾನವಾಗದಿರಲಿ.

ಫಂಗಸ್ ತೇವದಲ್ಲಿ, ಕತ್ತಲೆಯಲ್ಲಿ ಚೆನ್ನಾಗಿ ಬೆಳೆಯುತ್ತದೆ, ಬಟ್ಟೆ ಮತ್ತು ಚರ್ಮದ ಚೀಲ ಎರಡನ್ನೂ ಒದಗಿಸುತ್ತದೆ. ಮಳೆಗಾಲದಲ್ಲಿ ಲೆನ್ಸುಗಳನ್ನು ಚೀಲದಿಂದ ತೆಗೆದು ಬಿಗಿಯಾಗಿ ಮುಚ್ಚುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಒಳಗೊಂದು ಸಣ್ಣ ತೇವಮಾಪಕವಿಟ್ಟು ಅದು ಶೇಕಡಾ 40ರಿಂದ 50ರ ನಡುವೆ ಇರುವಂತೆ ನೋಡಿಕೊಳ್ಳಿ. ಜೆಲ್ಲಿನ ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಿದರೆ ಮತ್ತೆ ಬಳಸಬಹುದು. ಎಸಿ ಕೋಣೆಯಿಂದ ಅಥವಾ ಕಾರಿನಿಂದ ಹೊರಗಿನ ಸೆಕೆಗೆ ಬರುವಾಗ ಕ್ಯಾಮೆರಾವನ್ನು ಜಿಪ್ ಚೀಲದಲ್ಲಿ ಹಾಕಿ, ಹೊರಗಿನ ಬಿಸಿಗೆ ಹೊಂದಿಕೊಂಡ ಮೇಲೆ ತೆರೆಯಿರಿ, ಇಲ್ಲವಾದರೆ ಗಾಜಿನ ಮೇಲೆ ಹನಿ ಕಟ್ಟುತ್ತದೆ. ಸಮುದ್ರತೀರಕ್ಕೆ ಹೋಗಿ ಬಂದ ದಿನ ಒದ್ದೆ ಬಟ್ಟೆಯನ್ನು ಗಟ್ಟಿಯಾಗಿ ಹಿಂಡಿ ಕ್ಯಾಮೆರಾದ ಹೊರಮೈಯ ಉಪ್ಪನ್ನು ಒರೆಸಿ, ಆಮೇಲೆ ಒಣಬಟ್ಟೆಯಲ್ಲಿ ಒರೆಸಿಡಿ. ಲೆನ್ಸಿನ ಗಾಜಿಗೆ ಮೊದಲು ಗಾಳಿಯ ಬ್ಲೋವರ್ ಬಳಸಿ, ಮರಳಿನ ಕಣ ಹೋದದ್ದು ಖಾತ್ರಿಯಾದ ಮೇಲೆಯೇ ಬಟ್ಟೆ ಮುಟ್ಟಿಸಿ.